ಕೆಂಪು ಮೈಗೆ ಮರುಳಾಗಬೇಡಿ

 ಪ್ಲೈವುಡ್ ಬಗೆಗಿನ ಒಂದು ಹಳೆಯ ಜಗಳ ಮುಗಿಸಬೇಕು.

ಇಂಡಿ, ಸಿಂದಗಿ ಕಡೆ ಮನೆ ಕಟ್ಟಿಸುವವರದು ಒಂದು ಪಂಥ: ‘ನಮ್ಮ ಕಡೆ ಮಳಿ ಎಲ್ಲೈತ್ರಿ, ಬರೀ ತೇವ ತಡಿಯೋ ಎಂ.ಆರ್. ಪ್ಲೈ ಸಾಕು.’ ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಇನ್ನೊಂದು: ‘ಆಲಮಟ್ಟಿ ಹಿನ್ನೀರು ಹತ್ರ ಐತಿ, ಮನಿತುಂಬ ಮರೈನ್ ಹಾಕ್ರಿ.’ ಎರಡೂ ತಪ್ಪು. ಕಪಾಟನ್ನು ಕೆಡಿಸುವುದು ಮಳೆಯೂ ಅಲ್ಲ, ಹಿನ್ನೀರೂ ಅಲ್ಲ. ಸಿಂಕಿನ ಸೋರಿಕೆ, ಬಚ್ಚಲಿನ ಗೋಡೆ, ಒಣಗುವ ಮೊದಲೇ ಕಪಾಟು ಬಡಿಸಿಕೊಂಡ ಹಸಿ ಗಿಲಾವು, ಇವಕ್ಕಿಂತ ಮಿಗಿಲಾಗಿ ಒರಲಿ. ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ ಐ.ಎಸ್. 710 ಮರೈನ್ ಇರಲಿ. ಅಡಿಗೆಮನೆಯ ಉಳಿದ ಭಾಗಕ್ಕೆ, ಕಪಾಟುಗಳಿಗೆ ಕುದಿನೀರು ತಾಳುವ ಬಿ.ಡಬ್ಲ್ಯೂ.ಆರ್. ಧಾರಾಳ ಸಾಕು. ಒಣ ಕೋಣೆಯ ಮಂಚಕ್ಕೆ ಎಂ.ಆರ್. ಹಾಕಿದರೆ ನಷ್ಟವಿಲ್ಲ.

ಆದರೆ ಗ್ರೇಡು ಹೇಳುವುದು ಮುಖ್ಯವಾಗಿ ಅಂಟಿನ ಮಾತು. 710ರ ಅಂಟು 72 ತಾಸು ಕುದಿನೀರಿನಲ್ಲಿಟ್ಟರೂ ಬಿಡಬಾರದು, ಸರಿ. ಒಳಗಿನ ಕಟ್ಟಿಗೆ ಎಂಥದ್ದು? ನನ್ನ ತಕರಾರೆಲ್ಲ ಅಲ್ಲಿದೆ. ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಈಶಾನ್ಯದ ಕಾಡುಮರ ಬರುವುದು ನಿಂತಿತು. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು, ಕೆಂಪು ಬಣ್ಣದ ಗರ್ಜನ್ ಮರ ದುಬಾರಿಯಾಯಿತು. ಇಂದು ಯಮುನಾನಗರದಿಂದ ಬರುವ ಹಲಗೆಯ ಹೊಟ್ಟೆಯಲ್ಲಿ ಹೆಚ್ಚಾಗಿ ಪಾಪ್ಲರ್, ನೀಲಗಿರಿ. ಮೇಲೆ ಮಾತ್ರ ಕಾಗದದಷ್ಟು ತೆಳುವಾದ ಕೆಂಪು ಪದರ, ಅದೂ ಎಷ್ಟೋ ಸಲ ಬಣ್ಣ ಹಚ್ಚಿದ್ದು. ಅದನ್ನು ತೋರಿಸಿ ‘ಪೂರಾ ಗರ್ಜನ್’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೆಟ್ಟು ಬೆಳೆಸಿದ ಮರವೆಂಬುದು ದೋಷವಲ್ಲ. ಚೆನ್ನಾಗಿ ಒಣಗಿಸಿ, ಸಂದಿಲ್ಲದಂತೆ ಜೋಡಿಸಿದ ನೀಲಗಿರಿ ಹಲಗೆ ಗಟ್ಟಿಯಾಗಿಯೇ ಬಾಳುತ್ತದೆ. ಕೆಡುಕಿರುವುದು ಸಂದಿನಲ್ಲಿ. ಸ್ಕ್ರೂ ಅಲ್ಲಿಗೇ ಬಿದ್ದರೆ ಕಬ್ಜಾ ಹಿಡಿಯುವುದಿಲ್ಲ, ಬಾಗಿಲು ಜೋಲುತ್ತದೆ. ಅದಕ್ಕೇ ನಾಲ್ಕೂ ಅಂಚು ನೋಡಿ, ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅನುಮಾನಿಸಿ. ನಡುವೆ ಬೆರಳಿನಿಂದ ಬಡಿಯುತ್ತ ಹೋಗಿ, ಪೊಳ್ಳು ಸದ್ದು ಕಿವಿಗೆ ತಿಳಿಯುತ್ತದೆ. ಐ.ಎಸ್.ಐ. ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದು ಎರಡು ನಿಮಿಷದ ಕೆಲಸ.

ಬಡಿಗೇರರನ್ನು ಜೊತೆಗೆ ಕರೆದುಕೊಂಡೇ ಅಂಗಡಿಗೆ ಹೋಗಿ, ಒಂದು ಹಲಗೆಯನ್ನು ನಿಮ್ಮೆದುರೇ ಕೊಯ್ಸಿ. ಕೊಯ್ದು ತೋರಿಸಲು ಒಪ್ಪದ ಅಂಗಡಿಯಲ್ಲಿ ಪ್ಲೈ ಕೊಳ್ಳಬೇಡಿ.