ಮೂರರಲ್ಲೊಂದು ಪಾಲಿನ ಮೋಹ

ಕಡಲಹಕ್ಕಿಗಳ ಮತ್ತು ಅವು ತಿನ್ನುವ ಮೀನುಗಳ ಬಗ್ಗೆ ಎಲ್ಲಿ ಚರ್ಚೆ ನಡೆದರೂ ಒಂದು ಅಂಕಿ ತಪ್ಪದೆ ಹಾಜರಾಗುತ್ತದೆ. ಸಮುದ್ರದಲ್ಲಿ ಸಣ್ಣ ಮೀನುಗಳ ಪ್ರಮಾಣ ಅದರ ಗರಿಷ್ಠದ ಮೂರರಲ್ಲೊಂದು ಭಾಗಕ್ಕಿಂತ ಕೆಳಗಿಳಿದರೆ ಹಕ್ಕಿಗಳ ಸಂತಾನ ಕುಸಿಯುತ್ತದೆ, ಆದ್ದರಿಂದ ಅಷ್ಟನ್ನು ಹಕ್ಕಿಗಳಿಗೆ ಬಿಡಬೇಕು ಎಂಬುದು ಅದರ ಸಾರ. ಫಿಲಿಪ್ ಕ್ಯೂರಿ ಮತ್ತು ಹದಿಮೂರು ಮಂದಿ ಸಹಲೇಖಕರು 2011ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ನಾಲ್ಕು ಪುಟಗಳ ಪ್ರಬಂಧ ಇದರ ಮೂಲ. ಮೀನುಗಾರಿಕೆಯ ಮೇಲೆ ಕಡಿವಾಣ ಬೇಕೆನ್ನುವವರಿಗೆ ಅದು ಅಸ್ತ್ರವಾಯಿತು, ಬೇಡವೆನ್ನುವವರಿಗೆ ಗುರಿಯಾಯಿತು. ಇಬ್ಬರೂ ಅದನ್ನು ಅದರ ಯೋಗ್ಯತೆಗಿಂತ ದೊಡ್ಡದು ಮಾಡಿದರು. ಆ ಪ್ರಬಂಧದಲ್ಲಿ ಉಳಿಯಬೇಕಾದ ಸಂಗತಿ ಒಂದಿದೆ, ಆದರೆ ಅದು ಪ್ರಸಿದ್ಧವಾದ ಅಂಕಿಯಲ್ಲ.

ಮೊದಲು ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಅಟ್ಲಾಂಟಿಕ್, ಪೆಸಿಫಿಕ್ ಮತ್ತು ದಕ್ಷಿಣ ಮಹಾಸಾಗರಗಳ ಏಳು ಪ್ರದೇಶಗಳಲ್ಲಿ, 14 ಹಕ್ಕಿ ಪ್ರಭೇದಗಳ ಮೇಲೆ ನಡೆದ, ಕೂಡಿಸಿದರೆ 438 ವರ್ಷಗಳಷ್ಟಾಗುವ ವೀಕ್ಷಣೆಯ ದಾಖಲೆಗಳನ್ನು ಒಂದೇ ಕಡೆ ತಂದದ್ದು ಸಾಮಾನ್ಯ ಕೆಲಸವಲ್ಲ. ನಾರ್ವೆಯ ಪಫಿನ್‌ನಿಂದ ಆಫ್ರಿಕಾದ ಪೆಂಗ್ವಿನ್‌ವರೆಗೆ, ಹಾರುವ ಹಕ್ಕಿಗೂ ಈಜುವ ಹಕ್ಕಿಗೂ, ಒಂದೇ ಬಗೆಯ ವಕ್ರರೇಖೆ ಕಾಣಿಸಿತು: ಮೀನು ಒಂದು ಮಟ್ಟಕ್ಕಿಂತ ಮೇಲಿದ್ದಾಗ ಎಷ್ಟು ಹೆಚ್ಚಿದರೂ ಮರಿಗಳ ಸಂಖ್ಯೆ ಹೆಚ್ಚುವುದಿಲ್ಲ. ಆ ಮಟ್ಟದ ಕೆಳಗೆ ಮರಿಗಳು ಕಡಿಮೆಯಾಗುತ್ತವೆ, ವರ್ಷದಿಂದ ವರ್ಷಕ್ಕೆ ಏರುಪೇರೂ ಹೆಚ್ಚುತ್ತದೆ. ಇದಕ್ಕೆ ಜೈವಿಕ ಕಾರಣವಿದೆ. ಮೀನು ಸ್ವಲ್ಪ ಕಡಿಮೆಯಾದರೆ ತಾಯ್ತಂದೆ ಹಕ್ಕಿಗಳು ವಿಶ್ರಾಂತಿಯ ಹೊತ್ತನ್ನು ಹುಡುಕಾಟಕ್ಕೆ ಕೊಟ್ಟು ಕೊರತೆಯನ್ನು ತುಂಬಿಕೊಳ್ಳುತ್ತವೆ. ತುಂಬಿಕೊಳ್ಳಲು ಹೊತ್ತೇ ಉಳಿಯದಾಗ ಗೂಡು ಸೋಲುತ್ತದೆ. ಕಡಲಹಕ್ಕಿಯ ಬದುಕಿನ ಬೇರೆ ಬೇರೆ ಮುಖಗಳು ಆಹಾರದ ಬೇರೆ ಬೇರೆ ಮಟ್ಟಗಳಲ್ಲಿ ಹೀಗೆ ಬಾಗುತ್ತವೆ ಎಂದು ಡೇವಿಡ್ ಕೇರ್ನ್ಸ್ 1987ರಲ್ಲೇ ಊಹಿಸಿದ್ದರು. ಆ ಊಹೆಯ ಒಂದು ಮುಖಕ್ಕೆ ವಿಶಾಲವಾದ ಸಾಕ್ಷ್ಯ ಒದಗಿಸಿದ್ದು 2011ರ ಪ್ರಬಂಧದ ನಿಜವಾದ ಸಾಧನೆ. ರೇಖೆ ಬಾಗುತ್ತದೆ ಎಂಬುದು ಅದರ ಶೋಧ. ಎಲ್ಲಿ ಬಾಗುತ್ತದೆ ಎಂಬುದಕ್ಕೆ ಕೊಟ್ಟ ಅಂಕಿ ಬೇರೆ ವಿಷಯ.

ಆ ಅಂಕಿ ಹುಟ್ಟಿದ ಬಗೆಯನ್ನು ನಿಧಾನವಾಗಿ ನೋಡಬೇಕು. ಒಂದು ಕಡೆ ಮೀನನ್ನು ಲಕ್ಷಾಂತರ ಟನ್ನುಗಳಲ್ಲಿ ಅಳೆದಿರುತ್ತಾರೆ, ಇನ್ನೊಂದು ಕಡೆ ಬರೀ ಸೂಚ್ಯಂಕವಿರುತ್ತದೆ. ಇವನ್ನು ಹೋಲಿಸಲು ಲೇಖಕರು ಪ್ರತಿ ಸರಣಿಯನ್ನೂ ಅದರದೇ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರವಿದೆ ಎಂಬ ಅಳತೆಗೆ ಇಳಿಸಿದರು. ಇದು ಸಾಧುವಾದ ಕ್ರಮ. ಹೀಗೆ ಒಟ್ಟುಗೂಡಿಸಿದ ಮೇಲೆ ರೇಖೆ ಬಾಗುವ ಬಿಂದು ಸಿಕ್ಕಿದ್ದು ಸರಾಸರಿಯ ಆಸುಪಾಸಿನಲ್ಲಿ, -0.30ರಿಂದ +0.13 ಮಾನಕ ವಿಚಲನೆಯೊಳಗೆ. ಅಂದರೆ ಬಾಗುಬಿಂದುವಿಗೂ ಮೀನಿನ ದೀರ್ಘಕಾಲದ ಸರಾಸರಿಗೂ ಗಣನೀಯ ವ್ಯತ್ಯಾಸವಿಲ್ಲ. ಪ್ರಬಂಧವೇ ಇದನ್ನು ಹೇಳುತ್ತದೆ. ಆಮೇಲೆ ಅದೇ ಬಿಂದುವನ್ನು ಗರಿಷ್ಠದ ಶೇಕಡಾವಾರಿಗೆ ಪರಿವರ್ತಿಸಿದಾಗ 34.6 ಬಂತು, 31ರಿಂದ 39ರ ವಿಶ್ವಾಸದ ಅಂತರದೊಂದಿಗೆ. ಪ್ರಸಿದ್ಧಿ ಪಡೆದದ್ದು ಎರಡನೆಯ ವಾಕ್ಯ, ಮೊದಲನೆಯದನ್ನು ಉಲ್ಲೇಖಿಸುವವರು ವಿರಳ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಮುಜುಗರದ ಪ್ರಶ್ನೆ ಏಳುತ್ತದೆ. ಬೂತಾಯಿ, ಆಂಚೋವಿಯಂಥ ಮೀನುಗಳ ಸರಣಿಗಳು ಒಂದೇ ಕಡೆಗೆ ವಾಲಿರುತ್ತವೆ: ಬಹಳ ವರ್ಷ ಸಾಧಾರಣ, ಎಲ್ಲೋ ಒಂದೆರಡು ವರ್ಷ ಭರಪೂರ. ಇಂಥ ಸರಣಿಯಲ್ಲಿ ಸರಾಸರಿಯು ಗರಿಷ್ಠದ ಮೂರರಲ್ಲೊಂದರ ಸುತ್ತ ಬೀಳುವುದು ಅಚ್ಚರಿಯಲ್ಲ. ಹಾಗಿದ್ದರೆ ‘ಮೂರರಲ್ಲೊಂದು’ ಎಂಬುದು ಹಕ್ಕಿಯ ಹಸಿವಿನ ಗುಣವೋ, ಮೀನಿನ ಏರಿಳಿತದ ಆಕಾರದ ಗುಣವೋ? ಹಕ್ಕಿಗಳು ತಾವು ನೆಲೆಸಿದ ಕಡಲಿನ ಸರಾಸರಿ ಸ್ಥಿತಿಗೆ ಹೊಂದಿಕೊಂಡಿವೆ, ಅದಕ್ಕಿಂತ ಕಡಿಮೆಯಾದರೆ ಕಷ್ಟಪಡುತ್ತವೆ ಎಂದಷ್ಟೇ ಹೇಳಿದ್ದರೆ ಸಾಕ್ಷ್ಯಕ್ಕೆ ನಿಷ್ಠವಾಗಿರುತ್ತಿತ್ತು. ಆದರೆ ಆ ಮಾತು ಯಾರ ಬಾಯಲ್ಲೂ ಘೋಷಣೆಯಾಗುತ್ತಿರಲಿಲ್ಲ.

ಗರಿಷ್ಠವೆಂಬ ಅಳತೆಗೋಲಿನಲ್ಲಿ ಇನ್ನೊಂದು ತೊಡಕಿದೆ. ವರ್ಷಗಳು ಕೂಡಿದಂತೆ ಸರಾಸರಿ ನೆಲೆ ನಿಲ್ಲುತ್ತದೆ, ಗರಿಷ್ಠ ಹಾಗಲ್ಲ. ಅದು ಒಂದೇ ವರ್ಷದ ಅಂಕಿ, ಕಾಲ ಕಳೆದಂತೆ ಏರಬಲ್ಲದೇ ಹೊರತು ಇಳಿಯಲಾರದು. ಈ ಸಂಗ್ರಹದಲ್ಲಿ 15 ವರ್ಷದ ಸರಣಿಯೂ ಇದೆ, 47 ವರ್ಷದ್ದೂ ಇದೆ. ಎರಡರ ಗರಿಷ್ಠವೂ ಒಂದೇ ತೂಕದ್ದಲ್ಲ. ಕುಸಿತದ ನಂತರ ಲೆಕ್ಕ ಶುರುವಾದ ಕಡಲಿನ ಗತಿಯಂತೂ ವಿಚಿತ್ರ. ನಮೀಬಿಯಾದ ಸಾರ್ಡೀನ್ 1960ರ ದಶಕದ ಕೊನೆಯಿಂದ ಮುರಿದುಬಿತ್ತು. ಆಮೇಲೆ ಎಣಿಕೆ ಆರಂಭಿಸಿದವರಿಗೆ ಸಿಗುವ ಗರಿಷ್ಠ ಹಳೆಯ ಸಮೃದ್ಧಿಯ ಒಂದು ಚೂರು ಮಾತ್ರ, ಅದರ ಮೂರರಲ್ಲೊಂದು ಎಂದರೆ ಚೂರಿನ ಚೂರು. ಪ್ರತಿ ತಲೆಮಾರಿನ ವಿಜ್ಞಾನಿಯೂ ತಾನು ಮೊದಲು ಕಂಡ ಕಡಲನ್ನೇ ಸಹಜವೆಂದು ಬಗೆಯುತ್ತಾನೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ನಿತ್ಯ ಉದ್ಧರಿಸುವ ಸಂರಕ್ಷಣಾವಾದಿಗಳೇ ಈ ಅಂಕಿಯನ್ನು ಪ್ರಶ್ನೆಯಿಲ್ಲದೆ ಒಪ್ಪಿದ್ದು ಸೋಜಿಗ.

ಇಷ್ಟೆಲ್ಲ ಲೆಕ್ಕದ ತಕರಾರು, ಅದನ್ನು ಸರಿಪಡಿಸಬಹುದು ಎನ್ನಬಹುದು. ಆದರೆ ಲೆಕ್ಕ ಸರಿಯಾದರೂ ಅಳೆಯುತ್ತಿರುವ ವಸ್ತುವೇ ತಪ್ಪಾಗಿದ್ದರೆ? ಕಡಲಿನ ಒಟ್ಟು ಮೀನಿನ ತೂಕ ಮೀನುಗಾರಿಕಾ ಇಲಾಖೆಗಳು ತಮ್ಮ ಅಗತ್ಯಕ್ಕೆ ರೂಪಿಸಿಕೊಂಡ ಅಳತೆ. ಅದರಿಂದ ಹಕ್ಕಿಯ ಸ್ಥಿತಿಯನ್ನು ತೀರ್ಮಾನಿಸುವುದು ಊರಿನ ಗೋದಾಮಿನಲ್ಲಿ ಎಷ್ಟು ಮೂಟೆ ಅಕ್ಕಿಯಿದೆ ಎಂದು ಎಣಿಸಿ ಇಂಥ ಮನೆಯ ಮಗು ಉಂಡಿದೆ ಎಂದ ಹಾಗೆ. 2004ರಲ್ಲಿ ಉತ್ತರ ಸಮುದ್ರದ ಹಕ್ಕಿಗಳ ಸಂತಾನ ದೊಡ್ಡ ಪ್ರಮಾಣದಲ್ಲಿ ಸೋತಾಗ, ಸ್ಕಾಟ್ಲೆಂಡಿನ ಮೇ ದ್ವೀಪದಲ್ಲಿ ಸಾರಾ ವಾನ್‌ಲೆಸ್ ಮತ್ತು ಸಂಗಡಿಗರು ಮರಿಗಳಿಗೆ ಬಂದ ಮೀನುಗಳನ್ನೇ ಪರೀಕ್ಷಿಸಿದರು. ಮೀನಿನಲ್ಲಿ ಕೊಬ್ಬು ತೀರ ಕಡಿಮೆಯಿತ್ತು. ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ 2014-16ರ ಕಡಲ ಬಿಸಿಯಲೆಯ ಹೊತ್ತಿಗೆ ಇನ್ನೂ ಕಠೋರವಾದದ್ದು ದಾಖಲಾಯಿತು: ಒಂದು ವರ್ಷ ಪ್ರಾಯದ ಸ್ಯಾಂಡ್ ಲ್ಯಾನ್ಸ್ ಮೀನಿನ ಶಕ್ತಿಯ ಅಂಶ 2012-14ಕ್ಕೆ ಹೋಲಿಸಿದರೆ 2015ರಲ್ಲಿ ಶೇ. 44, 2016ರಲ್ಲಿ ಶೇ. 89 ಕುಸಿದಿತ್ತು. ಒಂದು ಮೀನು ಕೊಡುತ್ತಿದ್ದ ಶಕ್ತಿಗೆ ಒಂಬತ್ತು ಮೀನು ಬೇಕಾದಾಗ ಕಡಲಿನಲ್ಲಿ ಎಷ್ಟು ಮೀನಿದೆ ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ದಕ್ಷಿಣ ಆಫ್ರಿಕಾದಲ್ಲಿ ಈ ಶತಮಾನದ ಆರಂಭದ ಹೊತ್ತಿಗೆ ಸಾರ್ಡೀನ್ ಪಶ್ಚಿಮ ಕರಾವಳಿಯಿಂದ ಅಗುಲ್ಹಾಸ್ ಭೂಶಿರದ ಪೂರ್ವಕ್ಕೆ ಸರಿಯಿತು. ಡಾಸೆನ್, ರಾಬೆನ್ ದ್ವೀಪಗಳ ಪೆಂಗ್ವಿನ್‌ಗಳು ಗೂಡು ಬಿಟ್ಟು ಅಷ್ಟು ದೂರ ಹೋಗಿ ಬರಲಾರವು. ಒಟ್ಟು ದಾಸ್ತಾನಿನ ಅಂಕಿ ಅವುಗಳ ನಿಜವಾದ ಕೊರತೆಯನ್ನು ಕಡಿಮೆ ಮಾಡಿ ತೋರಿಸುತ್ತದೆ.

ಇನ್ನೊಂದು ಬದಿಯ ಅಳತೆಯೂ ಹೀಗೆಯೇ. ಪ್ರಬಂಧ ಎಣಿಸಿದ್ದು ಮರಿಗಳನ್ನು. ವರ್ಷಕ್ಕೆ ಒಂದೇ ಮೊಟ್ಟೆಯಿಟ್ಟು ದಶಕಗಟ್ಟಲೆ ಬಾಳುವ ಹಕ್ಕಿಗೆ ಒಂದು ವರ್ಷದ ಗೂಡು ಸೋತರೆ ಅದು ನಷ್ಟ, ಆದರೆ ವಿನಾಶವಲ್ಲ. ಬೆಳೆದ ಹಕ್ಕಿಯ ಸಾವು ಹಾಗಲ್ಲ. 2014-16ರ ಬಿಸಿಯಲೆಯಲ್ಲಿ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾವರೆಗಿನ ದಂಡೆಗಳಲ್ಲಿ ಸುಮಾರು 62,000 ಮರ್ ಹಕ್ಕಿಗಳು ಸತ್ತು ಅಥವಾ ಸಾಯುತ್ತ ಬಿದ್ದವು. ಅಲಾಸ್ಕಾ ಒಂದರಲ್ಲೇ ಸುಮಾರು 40 ಲಕ್ಷ, ಅಂದರೆ ಅಲ್ಲಿದ್ದವುಗಳಲ್ಲಿ ಅರ್ಧದಷ್ಟು ಹಕ್ಕಿಗಳು ಇಲ್ಲವಾದವು, ಚೇತರಿಕೆ ಕಾಣುತ್ತಿಲ್ಲ ಎಂದು ಹೆದರ್ ರೆನ್ನರ್ ಮತ್ತಿತರರು 2024ರಲ್ಲಿ ‘ಸೈನ್ಸ್’ನಲ್ಲೇ ವರದಿ ಮಾಡಿದರು. ಬೆಚ್ಚಗಿನ ನೀರಿನಲ್ಲಿ ಸಣ್ಣ ಮೀನಿನ ಗುಣಮಟ್ಟ ಕುಸಿಯಿತು. ಅದೇ ಬಿಸಿಗೆ ಕಾಡ್, ಪೊಲಾಕ್‌ನಂಥ ದೊಡ್ಡ ಮೀನುಗಳ ಹಸಿವು ಹೆಚ್ಚಿ ಅವು ಹಕ್ಕಿಯ ಪಾಲಿಗೂ ಬಾಯಿ ಹಾಕಿದವು. ಮೇಲೂ ಕೆಳಗೂ ಒತ್ತುವ ಈ ಇಕ್ಕಳವನ್ನು ವಿವರಿಸಿದವರು ಜಾನ್ ಪಯಟ್ ಮತ್ತವರ ತಂಡ, 2020ರಲ್ಲಿ. ಪಯಟ್ 2011ರ ಪ್ರಬಂಧದ ಸಹಲೇಖಕರೂ ಹೌದು. ಮೂರರಲ್ಲೊಂದರ ಸೂತ್ರಕ್ಕೆ ಅತಿ ಬಲವಾದ ತಿದ್ದುಪಡಿ ಅದರ ಕರ್ತೃಗಳಲ್ಲೊಬ್ಬರ ಕೈಯಿಂದಲೇ ಬಂದಿದೆ, ಸೂತ್ರದ ಭಕ್ತರು ಅದನ್ನು ಓದಿದಂತಿಲ್ಲ.

ಹಾಗೆಂದು ಈ ಟೀಕೆಯನ್ನು ಮೀನುಗಾರಿಕಾ ವಿಜ್ಞಾನಿ ರೇ ಹಿಲ್ಬಾರ್ನ್ ಪಾಳಯ ತನ್ನ ಜಮೆಗೆ ಹಾಕಿಕೊಳ್ಳುವುದು ಬೇಡ. 2017ರಲ್ಲಿ ಅವರೂ ಸಂಗಡಿಗರೂ ವಾದಿಸಿದ್ದು ಹೀಗೆ: ಸಣ್ಣ ಮೀನುಗಳು ಪರಿಸರದ ಕಾರಣಕ್ಕೆ ತಾವಾಗಿಯೇ ಏರಿಳಿಯುತ್ತವೆ, ಪರಭಕ್ಷಕಗಳು ತಿನ್ನುವ ಮೀನಿನ ಗಾತ್ರವೇ ಬೇರೆ ಬಲೆಗೆ ಬೀಳುವ ಗಾತ್ರವೇ ಬೇರೆ, ಮೀನಿನ ಪ್ರಮಾಣಕ್ಕೂ ಪರಭಕ್ಷಕಗಳ ಸಂಖ್ಯೆಗೂ ಗಟ್ಟಿಯಾದ ನಂಟು ಕಾಣುವುದಿಲ್ಲ. ಎಲೆನ್ ಪಿಕಿಚ್ ಮತ್ತಿತರರು ಮರುವರ್ಷವೇ ಖಾರವಾಗಿ ಉತ್ತರಿಸಿದರು. ಸಂಶೋಧನೆಗೆ ಯಾರಿಗೆ ಯಾರ ಹಣ ಬಂದಿದೆ ಎಂಬ ಜಗಳವೂ ಎದ್ದಿತು, ಅದರಲ್ಲಿ ಒಂದು ಸಂಗತಿ ಮರೆಯಾಯಿತು: ಎರಡೂ ಪಕ್ಷದವರು ಹಿಡಿದದ್ದು ಒಂದೇ ಅಳತೆಗೋಲು. ಇಡೀ ದಾಸ್ತಾನಿನ ತೂಕವನ್ನು ಇಟ್ಟುಕೊಂಡು ಒಬ್ಬರು ಎಲ್ಲ ಕಡಲಿಗೂ ಒಂದೇ ಗೆರೆ ಕಂಡರು, ಇನ್ನೊಬ್ಬರು ಏನೂ ಕಾಣಲಿಲ್ಲ. ಗೂಡಿನ ಸುತ್ತಲ ಕೆಲವೇ ಕಿಲೋಮೀಟರಿನಲ್ಲಿ, ಮರಿಯಿರುವ ಕೆಲವೇ ವಾರಗಳಲ್ಲಿ ನಡೆಯುವ ನಂಟನ್ನು ಆ ಕೋಲಿನಿಂದ ಹುಡುಕಿ, ಸಿಗಲಿಲ್ಲವಾದ್ದರಿಂದ ಇಲ್ಲ ಎನ್ನುವುದು ತರ್ಕವಲ್ಲ. ಏರಿಳಿತ ಸಹಜವೆಂಬುದು ನಿಜವೇ. ಆದರೆ ಇಳಿತದ ವರ್ಷದಲ್ಲಿ ಬಲೆ ಬೀಸುವುದು ಆ ಇಳಿತವನ್ನು ಆಳಗೊಳಿಸದು ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಈ ಜಗಳದ ನಡುವೆ ಅವಗಣನೆಗೆ ಒಳಗಾದದ್ದು ಮಾರ್ಟೆನ್ ಫ್ರೆಡರಿಕ್ಸನ್ ಮತ್ತು ಸಂಗಡಿಗರ 2004ರ ಅಧ್ಯಯನ. ಒಂದೇ ದ್ವೀಪ, ಒಂದೇ ಹಕ್ಕಿ: ಮೇ ದ್ವೀಪದ ಕಿಟ್ಟಿವೇಕ್. ಅವರು ಮರಿಗಳನ್ನೂ ಎಣಿಸಿದರು, ಬೆಳೆದ ಹಕ್ಕಿಗಳ ಉಳಿವನ್ನೂ ಅಂದಾಜು ಮಾಡಿದರು. ಸ್ಯಾಂಡ್ ಈಲ್ ಮೀನುಗಾರಿಕೆ ನಡೆದ ವರ್ಷಗಳನ್ನೂ ನಡೆಯದ ವರ್ಷಗಳನ್ನೂ ಬೇರ್ಪಡಿಸಿದರು, ಚಳಿಗಾಲದ ಕಡಲ ಉಷ್ಣತೆಯನ್ನು ಅದರ ಜೊತೆಗಿಟ್ಟರು. ಎರಡೂ ಹಾನಿಕರವೆಂದು ತೋರಿತು: ಮೀನುಗಾರಿಕೆಯಿದ್ದಾಗಲೂ ಕಡಲು ಬೆಚ್ಚಗಿದ್ದಾಗಲೂ ಮರಿಗಳು ಕಡಿಮೆ, ಉಳಿವೂ ಕಡಿಮೆ. ಹವಾಮಾನವೋ ಬಲೆಯೋ ಎಂಬ ಸುಳ್ಳು ಆಯ್ಕೆಯನ್ನು ಈ ಅಧ್ಯಯನ ಆಗಲೇ ಮುಗಿಸಿತ್ತು. ಜಾಗತಿಕವೆಂಬ ಹಣೆಪಟ್ಟಿ ಅದಕ್ಕಿರಲಿಲ್ಲ, ಹಾಗಾಗಿ ಅದರ ಖ್ಯಾತಿ ವೃತ್ತಿಯವರನ್ನು ದಾಟಲಿಲ್ಲ.

ಆಡಳಿತಗಾರರಿಗೆ ಒಂದು ಅಂಕಿ ಬೇಕೇ ಬೇಕು, ಒರಟಾದರೂ ಅದು ಏನೂ ಇಲ್ಲದ್ದಕ್ಕಿಂತ ಲೇಸು ಎಂಬುದು ನನ್ನ ವಾದಕ್ಕೆ ಬರಬಹುದಾದ ಗಂಭೀರ ಆಕ್ಷೇಪ. ಆದರೆ ಇಂಥ ಜಾಗತಿಕ ಅಂಕಿಯಿಲ್ಲದೆಯೂ ನಿರ್ಧಾರಗಳಾಗಿವೆ. ಸ್ಕಾಟ್ಲೆಂಡಿನ ಪೂರ್ವ ಕಡಲಿನಲ್ಲಿ 2000ದಲ್ಲಿ ಸ್ಯಾಂಡ್ ಈಲ್ ಹಿಡಿಯುವುದನ್ನು ನಿಲ್ಲಿಸಿದ್ದು ಸ್ಥಳೀಯ ಹಕ್ಕಿಗಳ ಸೋಲನ್ನು ನೋಡಿ. ದಕ್ಷಿಣ ಆಫ್ರಿಕಾ 2008ರಿಂದ ಪೆಂಗ್ವಿನ್ ದ್ವೀಪಗಳ ಸುತ್ತ ಸರದಿಯಂತೆ ಬಲೆ ನಿಲ್ಲಿಸಿ, ಬಿಟ್ಟು, ಫಲವನ್ನು ಅಳೆಯಿತು. ಎಲ್ಲಿ, ಯಾವಾಗ ಎಂಬುದನ್ನು ಇವು ಕೇಳಿದವು. ಒರಟು ಅಂಕಿಯ ಅಪಾಯ ಅದು ಒರಟು ಎಂಬುದಲ್ಲ, ಅದನ್ನು ಮುಟ್ಟಿದ ಕೂಡಲೇ ಕೇಳುವುದು ನಿಂತುಹೋಗುತ್ತದೆ ಎಂಬುದು. ದಾಸ್ತಾನು ಶೇ. 40 ಇದೆ, ಆದ್ದರಿಂದ ಹಕ್ಕಿಗಳು ಕ್ಷೇಮ ಎಂದು ಬರೆದು ಕಡತ ಮುಚ್ಚಬಹುದು.

ನಮ್ಮ ಪಶ್ಚಿಮ ಕರಾವಳಿಯವರು ಇದನ್ನು ಗಮನಿಸಬೇಕಾದ ಕಾರಣವಿದೆ. ಸೂತ್ರಕ್ಕೆ ಆಧಾರವಾದ ಏಳು ಪ್ರದೇಶಗಳಲ್ಲಿ ಅರಬ್ಬೀ ಸಮುದ್ರವಿಲ್ಲ. ಉಷ್ಣವಲಯದ ಅನೇಕ ಕಡಲಹಕ್ಕಿಗಳು ಟ್ಯೂನಾದಂಥ ದೊಡ್ಡ ಮೀನು ಮೇಲಕ್ಕಟ್ಟಿದ ಸಣ್ಣ ಮೀನನ್ನು ಹಿಡಿಯುವಂಥವು, ಅವುಗಳ ಆಹಾರ ಸಣ್ಣ ಮೀನಿನ ತೂಕದ ಮೇಲಷ್ಟೇ ನಿಂತಿಲ್ಲ. ಬೂತಾಯಿಯ ಬಗ್ಗೆ ನಮ್ಮಲ್ಲಿರುವ ದೀರ್ಘ ದಾಖಲೆ ಬಂದರಿಗೆ ಬಂದ ಮೀನಿನದು. ಅದು ಕಡಲಲ್ಲಿ ಎಷ್ಟಿತ್ತೆಂಬುದರ ಜೊತೆಗೆ ಎಷ್ಟು ದೋಣಿ ಹೋದವು, ಯಾವ ಬಲೆ ಬಳಸಿದವು ಎಂಬುದನ್ನೂ ಬೆರೆಸಿ ಹೇಳುತ್ತದೆ. ಅಂಥ ಸರಣಿಯ ಗರಿಷ್ಠ ವರ್ಷವನ್ನು ಹುಡುಕಿ ಮೂರರಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಲಕ್ಷದ್ವೀಪದ ಪಿಟ್ಟಿ ದಿಬ್ಬದ ಟರ್ನ್ ಹಕ್ಕಿಗೆ ಸಂಬಂಧಿಸಿದ ಅರ್ಥವೇ ಇರುವುದಿಲ್ಲ. 2011ರ ಪ್ರಬಂಧದಿಂದ ಇಲ್ಲಿಗೆ ತರಬಹುದಾದದ್ದು ಅದರ ವಕ್ರರೇಖೆಯ ಪಾಠ: ಹಕ್ಕಿಯ ತಾಳಿಕೆಗೆ ಒಂದು ಕೊನೆಯಿದೆ, ಅಲ್ಲಿಯವರೆಗೆ ಹೊರಗೆ ಏನೂ ಕಾಣುವುದಿಲ್ಲ. ಆ ಕೊನೆ ಎಲ್ಲಿದೆ ಎಂಬುದನ್ನು ಪ್ರತಿ ಕಡಲೂ ತನ್ನ ಹಕ್ಕಿಯ ಗೂಡು, ತನ್ನ ಮೀನಿನ ಕೊಬ್ಬು, ತನ್ನ ನೀರಿನ ಬಿಸಿ ನೋಡಿ ತಾನೇ ಕಂಡುಕೊಳ್ಳಬೇಕು.