ಡೈರಿಯ ಕಿರ್ದಿ, ವರದಿಯ ಖತಾವಣಿ

ವರ್ಷದ ಡೈರಿಯನ್ನು ವಾರ್ಷಿಕ ವರದಿಯಾಗಿಸುವುದು ಅಡತಿ ಅಂಗಡಿಯಲ್ಲಿ ಕಿರ್ದಿಯನ್ನು ಖತಾವಣಿಗೆ ಏರಿಸುವಂಥ ಕೆಲಸ. ಕಿರ್ದಿ ದಿನದ ಕ್ರಮದಲ್ಲಿರುತ್ತದೆ, ಖತಾವಣಿ ಬಾಬಿನ ಕ್ರಮದಲ್ಲಿ. ಹೊಸ ಸಂಗತಿ ಒಂದೂ ಸೇರುವುದಿಲ್ಲ. ಆದರೂ ಯಾರ ಕಡೆಯಿಂದ ಎಷ್ಟು ಬಾಕಿ ಎಂಬುದು ಖತಾವಣಿಯಲ್ಲೇ ಕಾಣುವುದು.

ಮೊದಲು ಗೊತ್ತುಮಾಡಬೇಕಾದದ್ದು ವರ್ಷ. ಅಂಗಡಿಯಲ್ಲಿ ಸಿಗುವ ಡೈರಿ ಜನವರಿಗೆ ಶುರುವಾಗುತ್ತದೆ. ಮಾನ್ವಿ ಸೀಮೆಯ ಪೋತ್ನಾಳದ ಸುತ್ತ, ತುಂಗಭದ್ರಾ ಎಡದಂಡೆ ಕಾಲುವೆ ನಂಬಿದ ಭತ್ತದ ಗದ್ದೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಬೇಸಿಗೆ ಬೆಳೆಯ ಸಸಿಮಡಿಯ ಖರ್ಚು ಒಂದು ವರದಿಗೆ, ಅದರ ಭತ್ತ ಮತ್ತೊಂದಕ್ಕೆ ಹೋಗುತ್ತದೆ. ಏಪ್ರಿಲ್‌ನ ಆರ್ಥಿಕ ವರ್ಷವೂ ಅದೇ ಬೆಳೆಯನ್ನು ಸೀಳುತ್ತದೆ. ರೈತರ ವರದಿಗೆ ಜೂನ್‌ನಿಂದ ಮೇವರೆಗಿನ ವರ್ಷವೇ ಸರಿ. ರಾಯಚೂರಿಗೆ ಇದೇನೂ ಹೊಸತಲ್ಲ: ನಿಜಾಮರ ಕಾಲದ ಕಂದಾಯ ಕಾಗದಗಳಲ್ಲಿ ಸುಗ್ಗಿಗೆ ಹೊಂದಿಸಿದ ಫಸಲಿ ವರ್ಷವೇ ಇರುತ್ತಿತ್ತು.

ಮುಂದಿನದು ಬಾಬುಗಳು. ಗದ್ದೆಯಿದ್ದವರಿಗೆ ನೀರು, ನಾಟಿ, ಗೊಬ್ಬರ, ಕಟಾವು, ಸಾಲ. ಗದ್ದೆಯಿಲ್ಲದವರಿಗೆ ಕೂಲಿ ಸಿಕ್ಕ ದಿನ, ಗುಳೆ ಹೋದ ತಿಂಗಳು, ಸಂಘದ ಉಳಿತಾಯ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯಂತೆ ಕೂಲಿಕಾರರ ಹೋರಾಟ, ಟೆರಾಕೋಟಾ ಆಭರಣ, ಚಿಲಿಪಿಲಿ ಶಾಲೆ ಎಲ್ಲವೂ ಒಂದೇ ಸೂರಿನಡಿ ಇರುವಲ್ಲಿ ತಾರೀಖಿನ ಕ್ರಮದ ವರದಿ ಯಾರಿಗೂ ಅರ್ಥವಾಗದು.

ಅಳತೆಗಳನ್ನೂ ಒಂದು ಮಾಡಬೇಕು. ಒಂದು ಪುಟದಲ್ಲಿ ‘40 ಚೀಲ’, ಇನ್ನೊಂದರಲ್ಲಿ ‘28 ಕ್ವಿಂಟಲ್’ ಎಂದಿದ್ದರೆ ಮೊದಲನೆಯದೇ ಬಹಳ ದೊಡ್ಡದೆನಿಸುತ್ತದೆ. ಇಲ್ಲಿನ ಭತ್ತದ ಚೀಲ 75 ಕಿಲೋದ್ದು. 40 ಚೀಲ ಎಂದರೆ 30 ಕ್ವಿಂಟಲ್, ಅಷ್ಟೆ.

ಎಡವುವುದು ಹೆಚ್ಚಾಗಿ ಖಾಲಿ ಪುಟಗಳಲ್ಲಿ. ಕಟಾವಿನ ವಾರ ಬರೆಯಲು ಪುರಸೊತ್ತಿರುವುದಿಲ್ಲ, ವರ್ಷದ ದೊಡ್ಡ ಲೆಕ್ಕ ಇರುವುದೂ ಆ ವಾರದಲ್ಲೇ. ಅದನ್ನು ನೆನಪಿನಿಂದ ತುಂಬಬಾರದು. ತೂಕದ ಚೀಟಿ, ಪಾಸ್‌ಬುಕ್, ಮೊಬೈಲ್ ಫೋಟೋದ ತಾರೀಖು ಸಿಕ್ಕರೆ ಸರಿ, ಇಲ್ಲವಾದರೆ ‘ದಾಖಲೆಯಿಲ್ಲ’ ಎಂದು ಬರೆಯುವುದೇ ಮರ್ಯಾದೆ.

ಆಮೇಲಿನ ತಿಳಿವಳಿಕೆಯಿಂದ ಹಳೆಯ ದಿನವನ್ನು ತಿದ್ದುವುದೂ ಸಲ್ಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು. ಆ ವಾರ ‘ಬೆಳೆ ಹೋಯ್ತು’ ಎಂದು ಬರೆದವರ ವರದಿಯಲ್ಲಿ ಆ ದಿಗಿಲೂ ಇರಬೇಕು, ಕೈಗೆ ಬಂದ ಚೀಲದ ಲೆಕ್ಕವೂ ಇರಬೇಕು. ಬರೀ ಚೀಲದ ಲೆಕ್ಕವಿದ್ದರೆ ಆಗ ಗೊಬ್ಬರ ಕೊಳ್ಳದೆ ತಡೆದದ್ದೇಕೆ, ಸಾಲ ಮುಂದಕ್ಕೆ ಹಾಕಿದ್ದೇಕೆ ಎಂಬುದು ತಿಳಿಯದು.

ಸ್ವಂತ ಬದುಕಿನ ವಾರ್ಷಿಕ ವರದಿಗೆ ಹೆಸರಾದವರು ಅಮೆರಿಕದ ವಿನ್ಯಾಸಕಾರ ನಿಕೋಲಸ್ ಫೆಲ್ಟನ್. 2005ರಿಂದ 2014ರವರೆಗಿನ ವರ್ಷಗಳಿಗೆ ಅವರು ಇಂಥ ವರದಿ ಹೊರತಂದರು. ಅವುಗಳಲ್ಲಿ ತೂಕದ್ದು 2010ರದ್ದು: ಆ ವರ್ಷ ತೀರಿಕೊಂಡ ತಂದೆಯ ಇಡೀ ಬದುಕನ್ನು ಅವರು ಬಿಟ್ಟುಹೋದ ಕ್ಯಾಲೆಂಡರ್, ಪೋಸ್ಟ್‌ಕಾರ್ಡ್, ರಸೀದಿಗಳಿಂದಲೇ ಕಟ್ಟಿದ್ದು. ವರದಿಯಾಗಲೆಂದು ಬರೆದಿಟ್ಟ ಕಾಗದಗಳಲ್ಲವಾದ್ದರಿಂದ ಅವುಗಳಲ್ಲಿ ತೋರಿಕೆಯಿಲ್ಲ.

ವರದಿ ನಾಲ್ಕು ಪುಟ ಮೀರದಿದ್ದರೆ ಮನೆಮಂದಿ ಓದಿಯಾರು. ಜಗಳ, ಕಾಯಿಲೆಯಂಥ ಒಳಮನೆಯ ಸಂಗತಿ ಡೈರಿಯಲ್ಲೇ ಉಳಿಯಲಿ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ಡೈರಿ ಪುಟದ ತಾರೀಖು ಇರಬೇಕು. ಲೆಕ್ಕದಲ್ಲಿ ತಕರಾರು ಬಂದರೆ ನೋಡಬೇಕಾದದ್ದು ಆ ಪುಟವನ್ನೇ.