ಹಾಲು, ಆಲು, ದೂದ್

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಿವುಡು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ತಾಯಂದಿರು ಮೈಸೂರಿನ ಬಸ್ಸು ಹತ್ತುತ್ತಾರೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಅಲ್ಲಿಯೇ. ಕೇಂದ್ರದ ಅಡಿಪ್ ಯೋಜನೆಯಿಂದ ಬಡವರ ಮಕ್ಕಳಿಗೂ ಕಾಕ್ಲಿಯರ್ ಇಂಪ್ಲಾಂಟ್ ಸಿಗುವಂತಾದದ್ದು ಸಣ್ಣ ಮಾತಲ್ಲ. ನಮ್ಮ ತಕರಾರು ಆಮೇಲಿನದು.

ಹುಟ್ಟುಕಿವಿಯಲ್ಲಿ ಸುಮಾರು 3,500 ಒಳ ರೋಮಕೋಶಗಳು ಮಾಡುವ ಕೆಲಸವನ್ನು ಈ ಯಂತ್ರ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ವಿದ್ಯುತ್ ತುದಿಗಳಿಂದ ಮಾಡಬೇಕು. ಆದ್ದರಿಂದ ಸದ್ದು ಮಾತಾಗಲು ವರ್ಷಗಟ್ಟಲೆ ತರಬೇತಿ ಬೇಕು. ಎಷ್ಟು ಕೇಳಿಸಿತೆಂದು ಅಳೆಯಲು ಪದಪಟ್ಟಿಗಳಿವೆ. ಕನ್ನಡಕ್ಕೆ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಒಂದನ್ನು ಸಿದ್ಧಪಡಿಸಿದರು. ಒಳ್ಳೆಯದೇ.

ಆದರೆ ಮಂಡ್ಯ ಸೀಮೆಯಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’. ಮಳವಳ್ಳಿಯ ಸಾಬರ ಮನೆಯಲ್ಲಿ ಅದೇ ಹಾಲು ‘ದೂದ್’. ‘ಹಾಲು’ ಎಂದು ಹೇಳಿಕೊಟ್ಟಾಗ ಮಗು ‘ಆಲು’ ಎಂದರೆ ತಪ್ಪಿದ್ದು ಕಿವಿಯೋ, ಊರ ನಾಲಿಗೆಯೋ? ಚಿತ್ರ ಮುಟ್ಟಿ ತೋರಿಸುವ ಪರೀಕ್ಷೆಯಲ್ಲಿ ಈ ಗೋಜಿಲ್ಲ, ನಿಜ. ಅಲ್ಲಿ ನಾಲ್ಕು ಚಿತ್ರವಿದ್ದರೆ ನಾಲ್ಕರಲ್ಲೊಂದು ಊಹೆಯಿಂದಲೂ ಸರಿಯಾಗುತ್ತದೆ! ಮೇಲಾಗಿ ಪರೀಕ್ಷೆಯ ಕೋಣೆ ನಿಶ್ಶಬ್ದ. ಮದ್ದೂರಿನ ಬಸ್‌ಸ್ಟ್ಯಾಂಡ್ ಹಾಗಲ್ಲ.

ಮನೆಯಲ್ಲಿ ದಖ್ಖನಿ ಬಿಟ್ಟು ಕನ್ನಡವೊಂದನ್ನೇ ಆಡಿ ಎನ್ನುವ ಹಿತೈಷಿಗಳೂ ಇದ್ದಾರೆ. ಸಂತೆಗೆ ಬೇಕಾದಷ್ಟೇ ಕನ್ನಡ ಬಲ್ಲ ತಾಯಿ ಆಗ ಮಗುವಿನೊಡನೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕಿವಿಯಲ್ಲಿ, ಮನೆ ಮಾತ್ರ ಮೌನ. ದಿನವಿಡೀ ಬೀಳುವ ಮಾತೇ ಅದರ ಅನ್ನವಲ್ಲವೆ? ಅಂಕದ ಪಟ್ಟಿಯಲ್ಲಿ ‘ಮನೆಮಾತು ಯಾವುದು’ ಎಂದು ಬರೆದು, ಅದರಂತೆಯೇ ಮಗುವಿನ ಉತ್ತರ ತೂಗಲಿ ಎಂಬುದಷ್ಟೇ ನಮ್ಮ ಕೋರಿಕೆ.